ತಿಳೀತ್ರೀ ಸರ್!

ನಮ್ಮ ಕಡೆಯ ಜನರಿಗೆ ಎಲ್ಲ ಮಾತೂ ಬರುತ್ತದೆ, ‘ಇಲ್ಲ’ ಎಂಬುದೊಂದನ್ನು ಬಿಟ್ಟು. ಎದುರಿಗೆ ನಿಂತವರು ಆಸೆಯಿಂದ ಏನಾದರೂ ಕೇಳಿದರೆ ಸಾಕು, ನಮ್ಮ ಬಾಯಿ ನಮ್ಮನ್ನು ಕೇಳದೆಯೇ ‘ಹೌದ್ರಿ’ ಎಂದುಬಿಡುತ್ತದೆ. ಹಿಂದೊಮ್ಮೆ ಅಫಜಲಪುರಕ್ಕೆ ಮದುವೆಯೊಂದಕ್ಕೆ ಸ್ಕೂಟರಿನಲ್ಲಿ ಹೊರಟಿದ್ದೆ. ಹಿಂದೆ ನನ್ನ ಹೆಂಡತಿ ಶಾಂತಾ, ಅವಳ ತೊಡೆಯ ಮೇಲೆ ಉಡುಗೊರೆಯ ಸ್ಟೀಲ್ ಕೊಡ. ಚೌಡಾಪುರದ ಹತ್ತಿರ ರಸ್ತೆ ಕವಲೊಡೆಯಿತು. ಬೇವಿನ ಗಿಡದ ಕೆಳಗೆ ಕೂತಿದ್ದ ಹಿರಿಯರೊಬ್ಬರಿಗೆ, ನಾನೇ ಒಂದು ರಸ್ತೆಯ ಕಡೆ ಕೈಮಾಡಿ, “ಅಫಜಲಪುರಕ್ಕ ಇದೇ ದಾರಿ ಅಲ್ರಿ?” ಎಂದೆ. “ಹೌದ್ರಿ” ಎಂದರು. ಆ ದಾರಿ ನಮ್ಮನ್ನು ನೇರ ಗಾಣಗಾಪುರಕ್ಕೆ ಮುಟ್ಟಿಸಿತು. ಬಂದದ್ದು ಬಂದೆವು ಎಂದು ಶಾಂತಾ ಅಲ್ಲಿಯ ದತ್ತನ ದರ್ಶನ ಮಾಡಿಕೊಂಡಳು; ಅಕ್ಷತೆ ಹಾಕುವುದು ತಪ್ಪಿತು. ವಾಪಸು ಬರುವಾಗ ಅದೇ ಹಿರಿಯರು ಅಲ್ಲೇ ಕೂತಿದ್ದರು. ಗಾಡಿ ನಿಲ್ಲಿಸಿ ಜಗಳಕ್ಕೆ ಇಳಿದೆ. ಅವರು ಸಮಾಧಾನವಾಗಿ, “ನೀವು ಅಷ್ಟು ಖಾತ್ರೀಲೆ ಕೈ ಮಾಡಿ ಕೇಳಿದ್ರಿ. ಬಿಸಲಾಗ ಬಂದ ಮಂದಿಗಿ ಅಲ್ಲ ಅಂತ ಹ್ಯಾಂಗ ಅನ್ನೂದ್ರಿ?” ಎಂದರು. ನನಗೆ ಅವರ ಮೇಲೆ ಸಿಟ್ಟು ಉಳಿಯಲಿಲ್ಲ. ಆದರೆ ಆ ಮಾತನ್ನು ಅಲ್ಲೇ ಬಿಟ್ಟು ಬಂದದ್ದು ನನ್ನ ತಪ್ಪು. ಅದನ್ನು ಮನೆಗೆ ತಂದು ಗೋಡೆಗೆ ತೂಗುಹಾಕಿದ್ದರೆ ಮುಂದಿನ ಪೇಚು ಎಷ್ಟೋ ಕಡಿಮೆಯಾಗುತ್ತಿತ್ತು.

ನಾನು ಗಣಿತದ ಮೇಷ್ಟ್ರು. ಹುಟ್ಟಿದ್ದು ಆಳಂದದ ಕಡೆ, ಪಾಠ ಮಾಡುವುದು ಜೇವರ್ಗಿಯ ಕಡೆಯ ಒಂದು ಪದವಿ ಕಾಲೇಜಿನಲ್ಲಿ. ಇಪ್ಪತ್ತಾರು ವರ್ಷಗಳಿಂದ ಬಿ.ಎಸ್ಸಿ. ಮಕ್ಕಳಿಗೆ ಕ್ಯಾಲ್ಕುಲಸ್ ಹೇಳುತ್ತ ಬಂದಿದ್ದೇನೆ. ಪ್ರತಿಯೊಬ್ಬ ಮೇಷ್ಟ್ರಿಗೂ ಒಂದು ಚಟ ಇರುತ್ತದೆ. ನನ್ನದು, ಬೋರ್ಡಿನ ಮೇಲೆ ಒಂದು ಹೆಜ್ಜೆ ಬರೆದು, ಕೈಯ ಸೀಮೆಸುಣ್ಣ ಪ್ಯಾಂಟಿಗೆ ಒರೆಸಿ, ತಿರುಗಿ ನಿಂತು “ತಿಳೀತಾ?” ಎಂದು ಕೇಳುವುದು. ಕೇಳಿದ್ದೇ ತಡ, ಇಡೀ ಕ್ಲಾಸು ಒಂದೇ ಉಸಿರಿನಲ್ಲಿ “ತಿಳೀತ್ರೀ ಸರ್!” ಎನ್ನುತ್ತಿತ್ತು. ಆ ದನಿ ಕೇಳಿದರೆ ನನಗೆ ಮಧ್ಯಾಹ್ನದ ಊಟ ಕೂಡ ಬೇಡವಾಗುತ್ತಿತ್ತು. ವಿಶೇಷವೆಂದರೆ, ಪಾಠ ಕಠಿಣವಾದಷ್ಟೂ ದನಿ ಜೋರಾಗುತ್ತಿತ್ತು. ಎಪ್ಸಿಲಾನ್, ಡೆಲ್ಟಾ ಎಂಬ ಎರಡು ಗ್ರೀಕ್ ಅಕ್ಷರಗಳನ್ನಿಟ್ಟುಕೊಂಡು ಲಿಮಿಟ್ಟಿನ ವ್ಯಾಖ್ಯೆ ಹೇಳುವ ದಿನವಂತೂ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು. ಪರೀಕ್ಷೆಯ ಉತ್ತರಪತ್ರಿಕೆಗಳು ಬೇರೆಯೇ ಸಮಾಚಾರ ಹೇಳುತ್ತಿದ್ದವು ಎನ್ನುವುದು ನಿಜ. ಹುಡುಗರು ಮನೆಯಲ್ಲಿ ಓದುವುದಿಲ್ಲ, ತಿಳಿದದ್ದನ್ನು ಮರೆತುಬಿಡುತ್ತಾರೆ ಎಂದು ನಾನು ಅದಕ್ಕೊಂದು ಕಾರಣ ಕಂಡುಕೊಂಡು ನೆಮ್ಮದಿಯಾಗಿದ್ದೆ.

ಹೀಗಿರುವಾಗ ಮೇಲಿನಿಂದ ಒಂದು ಆದೇಶ ಬಂತು. ಇನ್ನು ಮುಂದೆ ‘ಮಿಶ್ರ ಕಲಿಕೆ’ ಆಗಬೇಕು. ಅರ್ಧ ಪಾಠವನ್ನು ಮಕ್ಕಳು ಮನೆಯಲ್ಲಿ ವಿಡಿಯೋ ನೋಡಿ ಕಲಿಯಬೇಕು, ಉಳಿದರ್ಧವನ್ನು ಕಂಪ್ಯೂಟರ್ ಲ್ಯಾಬಿನಲ್ಲಿ ಒಂದು ತಂತ್ರಾಂಶದ ಜೊತೆ ಆಡುತ್ತ ಕಲಿಯಬೇಕು. ಮಿಶ್ರ ಎಂದರೆ ನನಗೆ ಗೊತ್ತಿದ್ದದ್ದು ಮಂಡಕ್ಕಿಗೆ ಒಗ್ಗರಣೆ ಹಾಕಿ ಶೇಂಗಾ ಬೆರೆಸಿದ ಸುಸಲಾ ಮಾತ್ರ. ಪ್ರಿನ್ಸಿಪಾಲರು ಕರೆದು, “ಬಿರಾದಾರ್ರೇ, ನಿಮ್ಮ ಕ್ಯಾಲ್ಕುಲಸ್ಸಿನಿಂದನ ಶುರು ಮಾಡೂಣು. ಆಗ್ತದಲ್ರಿ?” ಎಂದರು. ಇದು ನನ್ನಿಂದ ಆಗುವುದಿಲ್ಲ ಎಂದು ಹೇಳಬೇಕೆಂದೇ ಬಾಯಿ ತೆರೆದೆ. “ಆಗ್ತದ್ರಿ ಸರ್” ಎಂಬ ಮಾತು ಹೊರಬಿತ್ತು.

ನನಗೆ ಇದನ್ನೆಲ್ಲ ಕಲಿಸುವ ಹೊಣೆ ಕಂಪ್ಯೂಟರ್ ವಿಭಾಗದ ಸಮೀನಾಳ ಮೇಲೆ ಬಿತ್ತು. ಸಮೀನಾ ಅಂದೋಲಾದವಳು, ನನ್ನದೇ ಹಳೆಯ ವಿದ್ಯಾರ್ಥಿನಿ. ಮೂರು ವರ್ಷ ಮೊದಲನೇ ಬೆಂಚಿನಲ್ಲಿ ಕೂತವಳು. ‘ತಿಳೀತ್ರೀ ಸರ್’ ಮೇಳಕ್ಕೆ ಶ್ರುತಿ ಹಿಡಿಯುತ್ತಿದ್ದವಳೇ ಅವಳು. ಈಗ ಅದೇ ಕಾಲೇಜಿನಲ್ಲಿ ನನ್ನ ಸಹೋದ್ಯೋಗಿ. ಅವಳು ಪರದೆಯ ಮೇಲೆ ಒಂದು ವಕ್ರರೇಖೆ ತಂದಳು. ಅದರ ಮೇಲೆ ಎರಡು ಚುಕ್ಕೆ, ಎರಡನ್ನೂ ಕೂಡಿಸುವ ಒಂದು ನೇರ ಗೆರೆ. ಕೆಳಗೆ ತಂತಿಗೆ ಪೋಣಿಸಿದಂಥ ಒಂದು ಮಣಿ. ಮಣಿ ಸರಿಸಿದರೆ ಚುಕ್ಕೆಗಳ ನಡುವಿನ ಅಂತರ ಹೆಚ್ಚುಕಡಿಮೆ ಆಗುತ್ತದೆ. ಆ ಅಂತರಕ್ಕೆ ‘ಎಚ್’ ಎಂದು ಹೆಸರು. ಆಮೇಲೆ ಅವಳು ಲಾಗಿನ್, ಪಾಸ್‌ವರ್ಡ್, ಅಪ್‌ಲೋಡ್ ಎಂದು ಏನೇನೋ ಹತ್ತಾರು ಕಡೆ ಒತ್ತಿ ತೋರಿಸಿ, “ತಿಳೀತ್ರೀ ಸರ್?” ಎಂದು ಮುಖ ನೋಡಿದಳು. “ತಿಳೀತಮ್ಮ” ಎಂದೆ. ಮಣಿಯ ತನಕ ಬಂದದ್ದು ಖರೆ, ಅದರ ಮುಂದಿನದೆಲ್ಲ ನನಗೆ ಗ್ರೀಕ್ ಅಕ್ಷರ.

ವಿಡಿಯೋ ಮಾಡುವ ಕೆಲಸ ಮನೆಯಲ್ಲಿ ನಡೆಯಿತು. ಬೆಳಕು ಚೆನ್ನಾಗಿರುವುದು ನಮ್ಮ ಅಡುಗೆಮನೆಯ ಪಕ್ಕದ ಪಡಸಾಲೆಯಲ್ಲಿ ಮಾತ್ರ. ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿಗೆ ಮೊಬೈಲು ಆನಿಸಿ, ಗೋಡೆಗೆ ಸಣ್ಣ ಬೋರ್ಡು ಒರಗಿಸಿ, ಎದುರಿಗೆ ವಿದ್ಯಾರ್ಥಿಗಳಿದ್ದಾರೆ ಎಂದು ಭಾವಿಸಿಕೊಂಡು ಶುರು ಮಾಡಿದೆ. ವಿದ್ಯಾರ್ಥಿಗಳಿಲ್ಲದ ಪಾಠ ಮಾಡಿ ನೋಡಿ, ಗೊತ್ತಾಗುತ್ತದೆ. ಅಭ್ಯಾಸಬಲದಿಂದ “ತಿಳೀತಾ?” ಎಂದು ಕೇಳಿ ಕಾಯುತ್ತಿದ್ದೆ, ಶೇಂಗಾ ಡಬ್ಬಿ ಸುಮ್ಮನಿರುತ್ತಿತ್ತು. ಉತ್ತರ ಬರುತ್ತಿದ್ದದ್ದು ಕುಕ್ಕರಿನಿಂದ. ನಾನು ಒಂದು ಹೆಜ್ಜೆ ಮುಗಿಸುವುದಕ್ಕೂ ತೊಗರಿಬೇಳೆ ಒಂದು ಸೀಟಿ ಹೊಡೆಯುವುದಕ್ಕೂ ಸರಿಹೋಗುತ್ತಿತ್ತು. ಕೊನೆಗೆ ಒಳಗಿನಿಂದ ಶಾಂತಾಳ ದನಿ ಬಂತು: “ಏನ್ರೀ, ಗ್ವಾಡಿ ಜೋಡಿ ಮಾತಾಡೂದು ಮುಗದಿತ್ತಂದ್ರ ಜ್ವಾಳ ಬೀಸಿಕೊಂಡು ಬರ್ರಿ. ಗಿರಣಿ ಬಂದ್ ಮಾಡ್ತಾನ!” ಅದೂ ರೆಕಾರ್ಡ್ ಆಯಿತು. ಅಳಿಸುವುದು ಹೇಗೆಂದು ಸಮೀನಾ ತೋರಿಸಿಕೊಟ್ಟಿದ್ದಳು. ಅದೇ, ತಿಳೀತಮ್ಮ ಎಂದಿದ್ದೆನಲ್ಲ. ವಿಡಿಯೋ ಹಾಗೆಯೇ ಮಕ್ಕಳ ಮೊಬೈಲಿಗೆ ಹೋಯಿತು.

ಎರಡು ದಿನದೊಳಗೆ ಕಾಲೇಜಿನಲ್ಲಿ ಹೊಸದೊಂದು ಕಾಲಮಾನ ಹುಟ್ಟಿಕೊಂಡಿತು. “ಎರಡನೇ ಸೀಟಿ ತನಕ ನೋಡೀನಿ”, “ಜ್ವಾಳ ಬೀಸೂಕಿಂತ ಮೊದಲಿನ ಸ್ಟೆಪ್ಪು” ಎಂದು ಮಕ್ಕಳು ತಮ್ಮತಮ್ಮಲ್ಲೇ ಪಾಠವನ್ನು ಗುರುತು ಹಿಡಿಯತೊಡಗಿದರು. ವರಾಂಡದಲ್ಲಿ ಎದುರಾದ ಒಬ್ಬ ಹುಡುಗಿ ಬಹಳ ಗೌರವದಿಂದ, “ಸರ್, ಗಿರಣಿ ಬಂದ್ ಆಗಿರಲಿಲ್ಲಲ್ರಿ?” ಎಂದು ವಿಚಾರಿಸಿದಳು. ವಿಡಿಯೋ ಕೊನೆಯವರೆಗೂ ನೋಡಿದ್ದಾಳೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೆ ಎಂದು ನಾನು ಹಿಗ್ಗಿದೆ.

ಆಮೇಲೆ ಲ್ಯಾಬಿನ ದಿನ ಬಂತು. ಮಕ್ಕಳೆಲ್ಲ ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬಂದು, ಕಂಪ್ಯೂಟರುಗಳ ಮುಂದೆ ಕೈಕಟ್ಟಿ ಕೂತರು. “ಮಣಿ ಸರಿಸಿ ನೋಡ್ರಿ” ಎಂದೆ. ಯಾರೂ ಕೈ ಬಿಚ್ಚಲಿಲ್ಲ. ಮತ್ತೆ ಹೇಳಿದೆ. ನೆಲೋಗಿಯಿಂದ ಬರುವ ಶರಣಮ್ಮ ಎಂಬ ಹುಡುಗಿ ಮೆಲ್ಲಗೆ ಗೋಡೆಯ ಕಡೆ ಕಣ್ಣು ತೋರಿಸಿದಳು. ಅಲ್ಲಿ ದಪ್ಪ ಕೆಂಪಕ್ಷರದಲ್ಲಿ ‘ಯಾವುದನ್ನೂ ಮುಟ್ಟಬಾರದು’ ಎಂದು ಬರೆದಿತ್ತು. ಬರೆಸಿದವನು ನಾನೇ. ಕಂಪ್ಯೂಟರುಗಳು ಹೊಸದಾಗಿ ಬಂದ ಕಾಲಕ್ಕೆ ಲ್ಯಾಬಿನ ಉಸ್ತುವಾರಿ ನನ್ನದಿತ್ತು. ಪೇಂಟರನ ಹಿಂದೆ ನಿಂತು, ಅಕ್ಷರ ಸಣ್ಣದಾಯಿತೆಂದು ಎರಡೆರಡು ಸಲ ಬರೆಸಿದ್ದೆ. ವಕ್ರರೇಖೆಯನ್ನು ಮುಟ್ಟಿ ನಿಲ್ಲುವ ಸ್ಪರ್ಶಕ ರೇಖೆಯ ಅಂದಿನ ಪಾಠಕ್ಕೆ ಇದೊಳ್ಳೆ ಮುನ್ನುಡಿಯಾಯಿತು. ಸಮೀನಾ ಒಂದು ಹಳೆಯ ಕ್ಯಾಲೆಂಡರ್ ತಂದು ಆ ಬರಹದ ಮೇಲೆ ನೇತುಹಾಕಿದ ಮೇಲೆಯೇ ಮಕ್ಕಳ ಕೈ ಮೌಸಿನ ಮೇಲೆ ಹೋಯಿತು.

ನಾನೂ ಒಂದು ಕಂಪ್ಯೂಟರಿನ ಮುಂದೆ ಕೂತು ಮಣಿ ಸರಿಸುತ್ತ ಪಾಠ ಹೇಳಿದೆ. ಅಂದು ಬಹಳ ಚೆನ್ನಾಗಿ ಹೇಳಿದೆ ಎಂದೇ ನನ್ನ ನಂಬಿಕೆ. ಕೊನೆಗೆ ಎದ್ದು ನಿಂತು “ತಿಳೀತಾ?” ಎಂದೆ. “ತಿಳೀತ್ರೀ ಸರ್!” ಲ್ಯಾಬು ಮೊಳಗಿತು. ಆಗ ಸಮೀನಾ, “ಬಾಯಿಲೆ ಬ್ಯಾಡ್ರಿ. ಪರದಿ ಮ್ಯಾಲ ಎರಡು ಗುಂಡಿ ಅದಾವ. ಹಸರು ಅಂದ್ರ ತಿಳೀತು, ಕೆಂಪು ಅಂದ್ರ ತಿಳೀಲಿಲ್ಲ. ಯಾರು ಯಾವುದು ಒತ್ತಿದ್ರಂತ ಯಾರಿಗೂ ಕಾಣಂಗಿಲ್ಲ. ಒತ್ರಿ” ಎಂದಳು. ಟಕಟಕ ಸದ್ದಾಯಿತು. ಎದುರಿನ ಗೋಡೆಯ ದೊಡ್ಡ ಪರದೆಯ ಮೇಲೆ ಕೆಂಪು ಪಟ್ಟಿ ಮೇಲೇರಿತು. ಏರಿತು, ಏರುತ್ತಲೇ ಹೋಯಿತು. ಹಸಿರು ಪಟ್ಟಿ ಎಲ್ಲಿದೆಯೆಂದು ಕಣ್ಣು ಕಿರಿದು ಮಾಡಿ ಹುಡುಕಬೇಕಾಯಿತು. ಅದರ ನೆತ್ತಿಯ ಮೇಲೆ ಎರಡು ಎಂಬ ಅಂಕಿ ಇತ್ತು.

“ಬಣ್ಣ ಅದಲಿಬದಲಿ ಆಗ್ಯಾವೇನು ಜರಾ ನೋಡಮ್ಮ” ಎಂದೆ ಸಮೀನಾಳಿಗೆ. ಅವಳು ತಲೆ ತಗ್ಗಿಸಿ, “ಇಲ್ರಿ ಸರ್” ಎಂದಳು. ಇನ್ನೊಂದು ಸಲ ಒತ್ತಿಸಿ ಎಂದೆ. ಈ ಸಲ ಹಸಿರು ಎರಡಿದ್ದದ್ದು ಒಂದಾಯಿತು. ಮೊದಲ ಸಲ ಯಾರೋ ಪುಣ್ಯಾತ್ಮರು ಬರೀ ನನ್ನ ಮುಖ ನೋಡಿ ಹಸಿರು ಒತ್ತಿದ್ದಿರಬೇಕು, ಧೈರ್ಯ ಬಂದ ಮೇಲೆ ಬದಲಾಯಿಸಿದರು. ಹೋಗಲಿ, ಒಬ್ಬರಿಗಾದರೂ ತಿಳಿದಿದೆಯಲ್ಲ, ಯಾರಿರಬಹುದು ಎಂದು ಒಂದೊಂದೇ ಮುಖ ನೋಡುತ್ತ ಬಂದೆ. ಆಮೇಲೆ ನೆನಪಾಯಿತು, ನನ್ನ ಮುಂದೆಯೂ ಒಂದು ಕಂಪ್ಯೂಟರ್ ಇತ್ತು, ಎರಡೂ ಸಲ ಹಸಿರು ಒತ್ತಿದ್ದೆ. ಇಡೀ ಕೋಣೆಯಲ್ಲಿ ನನ್ನ ಪಾಠ ತಿಳಿದಿದ್ದದ್ದು ನನಗೊಬ್ಬನಿಗೇ.

ನಗುತ್ತ ಹೇಳುತ್ತಿದ್ದೇನೆ, ಆದರೆ ಅಂದು ನಗು ಬರಲಿಲ್ಲ. ಸ್ಟಾಫ್ ರೂಮಿನಲ್ಲಿ ಚಹಾ ಮುಂದಿಟ್ಟುಕೊಂಡು ಆರುವ ತನಕ ಕೂತೆ. ಇವತ್ತಿನ ಮಕ್ಕಳಿಗೆ ತಿಳಿಯಲಿಲ್ಲ ಎನ್ನುವುದು ನನ್ನ ಸಂಕಟವಾಗಿರಲಿಲ್ಲ. ಅವರಿಗೆ ತಿಳಿಯದಿದ್ದರೆ ಹೋದ ವರ್ಷದವರಿಗೆ? ಅದರ ಹಿಂದಿನವರಿಗೆ? ಇಪ್ಪತ್ತಾರು ವರ್ಷ ನಾನು ಪಾಠ ಮಾಡಿದೆನೋ, ಬರೀ ಗೋಡೆಯ ಜೊತೆ ಮಾತಾಡಿದೆನೋ? ಇದೊಂದು ತೀರ್ಮಾನವಾಗದೆ ನನಗೆ ಮನೆಗೆ ಹೋಗುವ ಮನಸ್ಸಾಗಲಿಲ್ಲ. ಸಮೀನಾಳನ್ನು ಕರೆದು ಎದುರಿಗೆ ಕೂರಿಸಿಕೊಂಡೆ.

“ಖರೇ ಹೇಳಮ್ಮ. ನೀನು ಮೊದಲನೇ ಬೆಂಚಿನಾಕಿ. ನಿನಗಾದ್ರೂ ತಿಳದಿತ್ತಲ್ಲ?”

ಅವಳು ದುಪಟ್ಟಾದ ಅಂಚು ಸುತ್ತುತ್ತ ಕೂತಳು. “ಸಿಟ್ಟು ಮಾಡ್ಕೋಬ್ಯಾಡ್ರಿ ಸರ್. ಲಿಮಿಟ್ ಅಂದ್ರ ಏನಂತ ನನಗ ತಿಳದಿದ್ದು ಎಂ.ಎಸ್ಸಿ. ಮುಗಿಸಿ, ನಾನೇ ಮಕ್ಕಳಿಗಿ ಹೇಳಾಕ ಕುಂತಾಗ್ರಿ” ಎಂದಳು.

“ಮತ್ತ ಮೂರು ವರ್ಷ ತಿಳೀತ್ರೀ ಸರ್ ಅಂತ ಒದರಿದ್ದು?”

“ನೀವು ಅಷ್ಟು ಅಂತಃಕರಣಲೆ ಕೇಳ್ತಿದ್ರಿ ಸರ್. ಇಲ್ಲ ಅಂತ ಹ್ಯಾಂಗ ಅನ್ನೂದ್ರಿ? ಒಂದ್ಸಲ ನಮ್ಮ ಕ್ಲಾಸಿನ ಗುರುಲಿಂಗ ತಿಳೀಲಿಲ್ರಿ ಅಂದಿದ್ದ, ನೆನಪದ ಏನ್ರಿ? ನೀವು ಬೋರ್ಡ್ ಪೂರಾ ಒರಸಿ ಮತ್ತ ಮೊದಲಿನಿಂದ ಶುರು ಮಾಡಿದ್ರಿ. ನಮ್ಮ ಅಂದೋಲಾ ಬಸ್ ಹೋಗಿಬಿಡ್ತು. ಮನಿ ಮುಟ್ಟೂದ್ರಾಗ ದೀಪ ಹಚ್ಚಿದ್ರು, ಅಬ್ಬಾ ಬೈದ್ರು. ಮರುದಿವಸ ನಾವೆಲ್ಲಾರೂ ಕೂಡಿ ಮಾತಾಡಿಕೊಂಡ್ವಿ, ಇನ್ನ ಮ್ಯಾಲ ಸರ್ ಕೇಳಿದ್ರ ತಿಳೀತು ಅಂತನ ಅನ್ನೂದು, ಜೋರಾಗಿ ಅನ್ನೂದು ಅಂತ. ನಮ್ಮ ಹಿಂದ ಬಂದವರಿಗೂ ಹೇಳಿಕೊಟ್ಟೇವ್ರಿ.”

ಅಂದರೆ ಇದೊಂದು ಪರಂಪರೆ! ನನ್ನ ಕ್ಯಾಲ್ಕುಲಸ್ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟದಿದ್ದರೂ ಈ ಒಪ್ಪಂದ ಮಾತ್ರ ತಪ್ಪದೆ ದಾಟಿತ್ತು. ಬೇವಿನ ಗಿಡದ ಕೆಳಗಿನ ಹಿರಿಯರು ಸಮೀನಾಳ ಹಿಂದೆ ನಿಂತು ನಗುತ್ತಿರುವಂತೆ ಅನಿಸಿತು. ಮನೆಗೆ ಹೋಗಿ ಶಾಂತಾಳಿಗೆ ಎಲ್ಲವನ್ನೂ ಹೇಳಿಕೊಂಡೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಲಗ್ನ ಆದಾಗಿಂದ ನಾನು ಹೇಳಾಕತ್ತೇನಿ, ನೀವು ಹೇಳೂದು ನನಗೊಂದೂ ತಿಳಿಯಂಗಿಲ್ಲ ಅಂತ. ನಾ ಹೇಳಿದ್ರ ಖೊಟ್ಟಿ, ಮಶಿನ್ ಹೇಳಿದ್ರ ಖರೇ ಆತಲ್ಲ?” ಎಂದಳು. ಇಷ್ಟು ವರ್ಷ ನಾನು ಅದನ್ನು ಅವಳ ಗಣಿತದ ಕೊರತೆ ಎಂದುಕೊಂಡಿದ್ದೆ. ಜೇವರ್ಗಿ ತಾಲೂಕಿನಲ್ಲಿ ನನಗೆ ನಿಜ ಹೇಳಿದವರು ಇವಳೊಬ್ಬಳೇ ಎಂದು ಅಂದು ಗೊತ್ತಾಯಿತು.

ಮರುದಿನ ಲ್ಯಾಬಿಗೆ ಹೋದಾಗ ನಾನು ಪಾಠ ಶುರು ಮಾಡಲಿಲ್ಲ. ಆ ತಂತ್ರಾಂಶದಲ್ಲಿ ಹೆಸರಿಲ್ಲದೆ ಪ್ರಶ್ನೆ ಬರೆದು ಕಳಿಸುವುದಕ್ಕೂ ಒಂದು ಜಾಗ ಇದೆಯೆಂದು ಸಮೀನಾ ಹೇಳಿದ್ದಳು. “ಎಲ್ಲಿ ತಿಳೀಲಿಲ್ಲ ಅದನ್ನ ಬರೀರಿ. ಬಸ್ ಟೈಮಿಗೆ ಬಿಡ್ತೇನಿ, ಆಣಿ ಮಾಡಿ ಹೇಳ್ತೇನಿ” ಎಂದೆ. ಆಮೇಲೆ ದೊಡ್ಡ ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು. ‘ಸರ್, ಮೂರನೇ ಸೀಟಿಗಿ ನೀವು ಎಚ್ ಸೊನ್ನಿ ಅಲ್ಲ ಅಂತ ಹೇಳಿ ಮ್ಯಾಲಿಂದು ಕೆಳಗಿಂದು ಹೊಡದು ಹಾಕಿದ್ರಿ. ನಾಕನೇ ಸೀಟಿಗಿ ಅದೇ ಎಚ್ ಸೊನ್ನಿ ಅಂದ್ರಿ. ನಡುವ ಅದಕ್ಕ ಏನಾತ್ರಿ?’

ಕ್ಲಾಸು ಗೊಳ್ಳೆಂದು ನಕ್ಕಿತು. ನಾನು ನಗಲಿಲ್ಲ. ಯಾಕೆಂದರೆ ಇದು ನನ್ನದೇ ಪ್ರಶ್ನೆ. ನಾನು ಬಿ.ಎಸ್ಸಿ. ಓದುವಾಗ, ಕುಕ್ಕರಿನ ಸೀಟಿ ಒಂದು ಬಿಟ್ಟರೆ, ಅಕ್ಷರಶಃ ಇದೇ ಪ್ರಶ್ನೆ ನನ್ನ ಗಂಟಲಿಗೆ ಬಂದು ನಿಂತಿತ್ತು. ಭಾಗಿಸುವಾಗ ಸೊನ್ನೆ ಅಲ್ಲದ್ದು ಕೊನೆಗೆ ಸೊನ್ನೆ ಹೇಗಾಯಿತು? ನಮ್ಮ ಮೇಷ್ಟ್ರು ತಿರುಗಿ ನಿಂತು “ತಿಳೀತಾ?” ಎಂದರು. ನಾನು “ತಿಳೀತ್ರೀ ಸರ್” ಎಂದೆ. ಅಂದು ನುಂಗಿದ ಪ್ರಶ್ನೆಯನ್ನು ಆಮೇಲೆ ಯಾರಿಗೂ ಕೇಳಲಿಲ್ಲ. ಸೂತ್ರ ಬಾಯಿಪಾಠ ಮಾಡಿಕೊಂಡು, ಅದನ್ನೇ ಮಕ್ಕಳಿಗೆ ಬಾಯಿಪಾಠ ಹೇಳಿಸುತ್ತ ಬಂದೆ. ಸುಳ್ಳು ಹೇಳುವುದನ್ನು ಮಕ್ಕಳು ನನ್ನಿಂದಲೇ ಕಲಿತರೇನೋ. ಈಗ ಉತ್ತರ ಕೊಡಲು ಬಾಯಿ ತೆರೆದರೆ ಎಪ್ಸಿಲಾನ್ ಡೆಲ್ಟಾ ಹೊರತು ಬೇರೇನೂ ಬರಲಿಲ್ಲ. “ಇದು ನನಗೂ ಚೆಂದಾಗಿ ಹೇಳಾಕ ಬರಂಗಿಲ್ಲ. ಎಲ್ಲಾರೂ ಕೂಡಿ ನೋಡೂಣು ಬರ್ರಿ” ಎಂದೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಇಡೀ ಕ್ಲಾಸು ಕುರ್ಚಿ ಎಳೆದುಕೊಂಡು ಮುಂದಕ್ಕೆ ಬಾಗಿತು.

“ಮಣಿ ಸೊನ್ನೆ ಕಡೆ ಸರಸ್ರಿ, ಸಾವಕಾಶ” ಎಂದೆ. ಎರಡು ಚುಕ್ಕೆ ಹತ್ತಿರ ಹತ್ತಿರ ಬಂದವು. ಗೆರೆ ವಾಲುತ್ತ ವಾಲುತ್ತ ಒಂದು ಕಡೆ ನಿಲ್ಲಹತ್ತಿತು. ಯಾರೋ ಅವಸರದವರು ಮಣಿಯನ್ನು ಸೊನ್ನೆಗೇ ದೂಡಿದರು. “ಹೋತು! ಗೆರೀನ ಹೋತ್ರಿ ಸರ್!” ಎಂದು ಕೂಗಿದರು. ಹೌದು, ಎರಡು ಚುಕ್ಕೆ ಒಂದೇ ಆದ ಮೇಲೆ ಕೂಡಿಸುವ ಗೆರೆ ಎಲ್ಲಿಂದ ಬರಬೇಕು? ಮತ್ತೆ ಹಿಂದಕ್ಕೆ ಸರಿಸಿದರು, ಗೆರೆ ಬಂತು. ಸೊನ್ನೆಗೆ ತಂದರು, ಹೋಯಿತು. ಎಡದಿಂದ ತಂದರು, ಬಲದಿಂದ ತಂದರು. ಕ್ಲಾಸಿನ ತುಂಬ ಬಂತು, ಹೋತು, ಬಂತು, ಹೋತು ಎಂದು ಒಂದೇ ಗದ್ದಲ. ಆ ಗದ್ದಲದಲ್ಲಿ ಶರಣಮ್ಮ ಎದ್ದು ನಿಂತಳು. ಹೆಸರು ಕಾಣಿಸದ ಗುಂಡಿ ಇರುವಾಗಲೂ ಎದ್ದು ನಿಂತಳು ನೋಡಿ, ಅದರಿಂದ ನನಗೆ ಬಹಳ ಸಂತೋಷವಾಯಿತು.

“ಸರ್, ಅಂದ್ರ ನಮ್ಮ ನೆಲೋಗಿ ಬಸ್ಸಿನಂಗ್ರಿ. ಬರಾಕತ್ತಾಗ ಅದರ ಜೋರು ನೋಡಿದ್ರ ಎಲ್ಲಿ ಬಂದು ನಿಲ್ತದಂತ ದೂರಲಿಂದನ ಗೊತ್ತಾಗ್ತದ, ನಾವು ಆ ಜಾಗಕ್ಕ ಹೋಗಿ ನಿಂತಿರ್ತೇವಿ. ಆಮ್ಯಾಲ ಬಸ್ ನಿಲ್ಲಲಿ ಬಿಡಲಿ, ನಿಲ್ಲೂ ಜಾಗ ಅದೇ. ಎಚ್ ಸೊನ್ನಿ ಆಗಂಗೇ ಇಲ್ರಿ. ಎಲ್ಲಿಗಿ ಬರಾಕತ್ತದ ಅನ್ನೂದನ್ನ ಅಷ್ಟೇ ನಾವು ಬರಕೋತೇವಿ. ಹೌದಲ್ರಿ?”

ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. “ಹೌದವಾ” ಎಂದೆ. ಇದು ನಾನು ಹೇಳಿದ ಹೌದುಗಳಲ್ಲೆಲ್ಲ ಶುದ್ಧವಾದ ಹೌದು. ನನ್ನ ಮೇಷ್ಟ್ರಿಗೆ ನಾನು ಕೇಳದೇ ಬಿಟ್ಟದ್ದಕ್ಕೆ ನೆಲೋಗಿಯ ಬಸ್ಸು ಉತ್ತರ ತಂದಿತ್ತು. ಗುಂಡಿ ಒತ್ತಿಸಿದೆವು. ಹಸಿರು ಪಟ್ಟಿ ಅರ್ಧದಷ್ಟು ಏರಿತು, ಕೆಂಪು ಇನ್ನರ್ಧ ನಿಂತಿತ್ತು. ಆ ಅರ್ಧ ಹಸಿರನ್ನು ನೋಡಿ ಆದ ಖುಷಿ ಇಷ್ಟು ವರ್ಷ ಗಾಜು ಗಡಗಡ ಎಂದಾಗ ಒಮ್ಮೆಯೂ ಆಗಿರಲಿಲ್ಲ. ಅಂದಿನಿಂದ ನಾನು ಮಕ್ಕಳಿಗೆ ಪಾಠಕ್ಕಿಂತ ಉಪದೇಶವನ್ನೇ ಹೆಚ್ಚು ಮಾಡತೊಡಗಿದೆ. ತಿಳಿಯಲಿಲ್ಲ ಎನ್ನಲು ನಾಚಬೇಡಿ, ಮುಖ ನೋಡಬೇಡಿ, ಬಸ್ಸು ನೋಡಬೇಡಿ, ಎದೆ ತಟ್ಟಿ ಹೇಳಿ ಎಂದು ವಾರಕ್ಕೆರಡು ಸಲವಾದರೂ ಹೇಳುತ್ತೇನೆ. ಸಮೀನಾ ಮೂಲೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಾಳೆ.

ಮೊನ್ನೆ ಮೊನ್ನೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಗಣಿತದ ಮೇಷ್ಟ್ರುಗಳಿಗೆ ಕಲಬುರಗಿಯಲ್ಲಿ ಒಂದು ದಿನದ ತರಬೇತಿ ಇಟ್ಟಿದ್ದರು. ಮುಂದಿನ ಸೆಮಿಸ್ಟರಿಗೆ ಅನುಕಲನದ, ಅಂದರೆ ಇಂಟಿಗ್ರೇಷನ್ನಿನ, ಪಾಠವನ್ನು ಇದೇ ತಂತ್ರಾಂಶದಲ್ಲಿ ನಾವೇ ತಯಾರಿಸಬೇಕಂತೆ. ನಾನು, ಸಮೀನಾ ಇಬ್ಬರೂ ಹೋಗಿದ್ದೆವು. ಕಲಿಸಲು ಬಂದ ಮೇಡಂ ವಯಸ್ಸಿನಲ್ಲಿ ಸಮೀನಾಳಿಗಿಂತ ಚಿಕ್ಕವರು, ವೇಗದಲ್ಲಿ ಎಲ್ಲರಿಗಿಂತ ದೊಡ್ಡವರು. ಸಂಜೆ ನಾಲ್ಕು ಗಂಟೆಗೆ ಮುಗಿಸಿ, “ತಿಳೀತಾ ಸರ್ ಎಲ್ಲರಿಗೂ?” ಎಂದರು. ಮೂರು ತಾಲೂಕಿನ ಮೇಷ್ಟ್ರುಗಳು ಒಂದೇ ಉಸಿರಿನಲ್ಲಿ “ತಿಳೀತ್ರೀ ಮೇಡಂ!” ಎಂದರು. ನಾನೂ ಎಂದಿದ್ದೆ. ಪಕ್ಕದಲ್ಲಿದ್ದ ಸಮೀನಾ ಮೌಸನ್ನು ನನ್ನ ಕಡೆಗೆ ಮೆಲ್ಲಗೆ ಸರಿಸಿದಳು. ಪರದೆಯ ಮೇಲೆ ಹಸಿರು ಗುಂಡಿ ಒಂದು, ಕೆಂಪು ಗುಂಡಿ ಒಂದು. ಮಕ್ಕಳಿಗೆ ಮಾಡಿದ ಉಪದೇಶವೆಲ್ಲ ನೆನಪಾಗಿ ಮುಖ ಬೆಚ್ಚಗಾಯಿತು. ಹೆಸರು ಕಾಣುವುದಿಲ್ಲವಲ್ಲ ಎಂಬ ಧೈರ್ಯದಿಂದ, ಎಡಗೈಯನ್ನು ಅಡ್ಡ ಹಿಡಿದು ಕೆಂಪು ಒತ್ತಿದೆ.

ವಿದ್ಯಾರ್ಥಿಗಳಿಗಾದರೆ ಹೆಸರು ಕಾಣುವುದಿಲ್ಲ. ಮೇಷ್ಟ್ರುಗಳ ತರಬೇತಿಯಲ್ಲಿ ಕಾಣುತ್ತದೆ. ಎದುರಿನ ಗೋಡೆಯ ಮೇಲೆ ಗೇಣುದ್ದ ಅಕ್ಷರದಲ್ಲಿ ‘ತಿಳಿಯಲಿಲ್ಲ: ಬಿರಾದಾರ, ಜೇವರ್ಗಿ’ ಎಂದು ಬಂತು. ಮೇಡಂ ಬಹಳ ಒಳ್ಳೆಯವರು. “ಪರವಾಗಿಲ್ಲ ಬಿರಾದಾರ ಸರ್, ಮೊದಲಿನಿಂದ ಇನ್ನೊಂದು ಸಲ ಹೇಳ್ತೀನಿ” ಎಂದು ಪರದೆ ಪೂರಾ ಅಳಿಸಿದರು. ಎತ್ತಿಕೊಂಡ ಚೀಲಗಳನ್ನು ಮತ್ತೆ ಕೆಳಗಿಟ್ಟು ಆಳಂದದವರು, ಅಫಜಲಪುರದವರು ನನ್ನ ಕಡೆ ನೋಡಿದರು. ಗುರುಲಿಂಗನ ಕಡೆ ಅಂದು ಕ್ಲಾಸು ಹೇಗೆ ನೋಡಿರಬೇಕೆಂದು ನನಗೆ ಆಗ ಚೆನ್ನಾಗಿ ಅರ್ಥವಾಯಿತು. ನಾಲ್ಕೂವರೆಯ ಅಫಜಲಪುರ ಬಸ್ಸು ಹೋಯಿತು. ಐದರ ಆಳಂದ ಬಸ್ಸೂ ಹೋಯಿತು. ಜೇವರ್ಗಿಯದು ಹೊರಡಲು ಹದಿನೈದು ನಿಮಿಷ ಇತ್ತು ಎನ್ನುವಾಗ ಮೇಡಂ ಮುಗಿಸಿ, ನೇರ ನನ್ನ ಹತ್ತಿರವೇ ಬಂದು, ಅಂತಃಕರಣದಿಂದ ನನ್ನ ಮುಖ ನೋಡಿ ಕೇಳಿದರು: “ಈಗ ತಿಳೀತಾ ಸರ್?”

“ತಿಳೀತ್ರೀ ಮೇಡಂ!” ಎಂದೆ. ಕಿಟಕಿಯ ಗಾಜು ಗಡಗಡ ಎಂದಿತು.

“ಖರೇನ್ರಿ ಸರ್?” ಎಂದಳು ಸಮೀನಾ, ಮೆಟ್ಟಿಲಿಳಿಯುತ್ತ.

“ಆಮ್ಯಾಲ ನೀನೇ ಹೇಳಿಕೊಡುವಂತಿ. ಮೊದಲು ಬಸ್ ಹಿಡಿ” ಎಂದೆ.